ಹಡಗಿನಲ್ಲಿ ಕಡಿಮೆಯಾದದ್ದು ಜನ, ಕೆಲಸವಲ್ಲ

ಮಾನ್ಯ ಸಂಪಾದಕರೇ,

ಸರಕು ಹಡಗುಗಳ ನಾವಿಕರಿಗೆ ಅಂತರ್ಜಾಲ ಸೌಲಭ್ಯ ಒದಗಿಸುವ ಕುರಿತು ತಮ್ಮ ಪತ್ರಿಕೆಯಲ್ಲಿ ಬಂದ ಲೇಖನವನ್ನು ಓದಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಸಾಗರ ಕಾರ್ಮಿಕ ಒಡಂಬಡಿಕೆಗೆ 2022ರಲ್ಲಿ ಒಪ್ಪಿಗೆ ಪಡೆದು 2024ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ, ಈ ಸೌಲಭ್ಯದ ಕುರಿತ ತಿದ್ದುಪಡಿ ಸ್ವಾಗತಾರ್ಹವೇ. ಮನೆಯ ಕಾಗದಕ್ಕಾಗಿ ಮುಂದಿನ ಬಂದರಿನವರೆಗೆ ಕಾಯುತ್ತಿದ್ದ ನನ್ನ ತಲೆಮಾರಿನವರಿಗೆ ಅದರ ಬೆಲೆ ಚೆನ್ನಾಗಿ ಗೊತ್ತು. ಆದರೆ ಇದನ್ನೇ ಆಧಾರವಾಗಿಟ್ಟುಕೊಂಡು ನಾವಿಕರ ಬದುಕು ಹಿಂದಿಗಿಂತ ಹಗುರಾಗಿದೆ ಎಂದು ಲೇಖಕರು ತೀರ್ಮಾನಿಸಿರುವುದನ್ನು, ಮೂರು ದಶಕ ಎಂಜಿನ್ ರೂಮಿನಲ್ಲಿ ಕಳೆದ ನಾನು ಒಪ್ಪಲಾರೆ.

ನಾನು ಕಿರಿಯ ಎಂಜಿನಿಯರ್ ಆಗಿ ಸೇರಿದ ಹಡಗಿನಲ್ಲಿ 42 ಮಂದಿ ಇದ್ದೆವು. ನಿವೃತ್ತಿಯ ಮುಂಚಿನ ಕೊನೆಯ ಹಡಗು ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಅದರಲ್ಲಿದ್ದವರು 21 ಮಂದಿ. ಯಂತ್ರಗಳು ಸುಧಾರಿಸಿದ್ದರಿಂದ ಜನ ಬೇಕಾಗಿಲ್ಲ ಎಂಬ ಮಾತು ಅರ್ಧ ಮಾತ್ರ ನಿಜ. 1999ರ ಫೆಬ್ರುವರಿ 1ರಂದು ಉಪಗ್ರಹವನ್ನೂ ಬಳಸುವ ಹೊಸ ಆಪತ್ಕಾಲೀನ ಸಂಪರ್ಕ ವ್ಯವಸ್ಥೆ ಪೂರ್ಣವಾಗಿ ಜಾರಿಗೆ ಬಂದಾಗ ರೇಡಿಯೊ ಆಫೀಸರ್ ಹಡಗಿನಿಂದ ಇಳಿದು ಹೋದರು, ಅವರ ಕೆಲಸ ಮಾತ್ರ ಹಡಗು ನಡೆಸುವ ಡೆಕ್ ಆಫೀಸರುಗಳ ಹೆಗಲಿಗೆ ಬಂತು. ಎಂಜಿನ್ ರೂಮಿನಲ್ಲಿ ರಾತ್ರಿ ಪಾಳಿ ಇಲ್ಲದಂತಾಯಿತು, ಬದಲಿಗೆ ಅಲಾರಂ ನಮ್ಮ ಕ್ಯಾಬಿನ್ನಿನೊಳಗೇ ಬಂದು ಕುಳಿತಿತು. ಒಂದೇ ರಾತ್ರಿ ಮೂರು ಸಲ ಅದು ಕೂಗಿದರೆ ಆ ನಿದ್ದೆಯನ್ನು ಯಾವ ಲೆಕ್ಕಕ್ಕೆ ಸೇರಿಸುವುದು?

ಬಂದರಿನ ಕಥೆ ಇನ್ನೂ ಬೇರೆ. 1956ರ ಏಪ್ರಿಲ್ 26ರಂದು ಅಮೆರಿಕದ ಸಾರಿಗೆ ಉದ್ಯಮಿ ಮಾಲ್ಕಂ ಮೆಕ್ಲೀನ್ ಅವರ 'ಐಡಿಯಲ್ ಎಕ್ಸ್' ಹಡಗು 58 ಕಂಟೇನರುಗಳನ್ನು ಹೊತ್ತು ನ್ಯೂವರ್ಕ್‌ನಿಂದ ಹ್ಯೂಸ್ಟನ್‌ಗೆ ಹೊರಡುವ ಮೊದಲು, ಚೀಲ ಪೀಪಾಯಿಗಳನ್ನು ಒಂದೊಂದಾಗಿ ಇಳಿಸಿ ಏರಿಸುವುದಕ್ಕೆ ವಾರಗಟ್ಟಲೆ ಹಿಡಿಯುತ್ತಿತ್ತು, ಅಷ್ಟು ದಿನವೂ ನಾವಿಕನಿಗೆ ಊರು ಸುತ್ತಲು ಬಿಡುವಿರುತ್ತಿತ್ತು. ಇಂದು ಕಂಟೇನರ್ ಹಡಗು ಎಷ್ಟೋ ಬಂದರುಗಳಲ್ಲಿ ಒಂದು ದಿನವೂ ನಿಲ್ಲುವುದಿಲ್ಲ. ಇಂಧನ ತುಂಬಿಸುವುದು, ಬಿಡಿಭಾಗ ಮತ್ತು ದಿನಸಿ ಏರಿಸುವುದು, ತಪಾಸಣೆಗೆ ಬಂದವರಿಗೆ ದಾಖಲೆ ತೋರಿಸುವುದು ಎಲ್ಲವೂ ಆ ಕೆಲವೇ ಗಂಟೆಗಳಲ್ಲಿ ಮುಗಿಯಬೇಕು. ದೇಶಗಳನ್ನು ನೋಡಿದ್ದೀರಿ ಎಂದು ಬಂಧುಗಳು ಅಸೂಯೆಪಡುತ್ತಾರೆ. ನಾನು ನೋಡಿದ್ದು ಹೆಚ್ಚಾಗಿ ಕ್ರೇನುಗಳನ್ನು.

ಇದೇ ಒಡಂಬಡಿಕೆ 24 ಗಂಟೆಗಳಲ್ಲಿ ಕನಿಷ್ಠ 10, ಏಳು ದಿನಗಳಲ್ಲಿ ಕನಿಷ್ಠ 77 ಗಂಟೆ ವಿಶ್ರಾಂತಿ ಎಂದು ಹೇಳುತ್ತದೆ. ಆದರೆ ತಿಂಗಳ ಕೊನೆಗೆ ಕಂಪ್ಯೂಟರಿನಲ್ಲಿ ವಿಶ್ರಾಂತಿಯ ಹಾಳೆಗೆ ಗಂಟೆಗಳ ಅಂಕಿಗಳನ್ನು ತುಂಬುವಾಗ ನಿಯಮ ಮೀರಿದ ದಿನ ಕೆಂಪಾಗಿ ಕಾಣಿಸುತ್ತದೆ, ಕೆಂಪು ಹೋಗುವವರೆಗೆ ಅಂಕಿಯನ್ನು ತಿದ್ದಲಾಗುತ್ತದೆ. ನಾಚಿಕೆಯಿಂದಲೇ ಬರೆಯುತ್ತಿದ್ದೇನೆ, ನಾನೂ ತಿದ್ದಿದ್ದೇನೆ. ಅಂಕಿಗಳನ್ನು ಹೀಗೆ ತಿದ್ದುವುದು ವ್ಯಾಪಕವಾಗಿದೆಯೆಂದು ಸ್ವೀಡನ್ನಿನ ಮಾಲ್ಮೋದಲ್ಲಿರುವ ವಿಶ್ವ ಸಾಗರಯಾನ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿಯೇ ವರದಿ ಮಾಡಿದ್ದಾರೆ.

ಆಯಾಸದ ಪರಿಣಾಮ ಸಣ್ಣದಲ್ಲ. 1989ರ ಮಾರ್ಚ್ 24ರಂದು ಅಲಾಸ್ಕದ ಬಳಿ 'ಎಕ್ಸಾನ್ ವಾಲ್ಡೀಸ್' ತೈಲ ಹಡಗು ಬಂಡೆಗೆ ಬಡಿದದ್ದನ್ನು ನೆನೆಯುವವರೆಲ್ಲ ಕ್ಯಾಪ್ಟನ್‌ನ ಕುಡಿತವನ್ನು ಹೇಳುತ್ತಾರೆ. ಆದರೆ ಅಮೆರಿಕದ ತನಿಖಾ ಮಂಡಳಿ ಎಣಿಸಿದ ಕಾರಣಗಳಲ್ಲಿ ಆಗ ಹಡಗು ನಡೆಸುತ್ತಿದ್ದ ಕಿರಿಯ ಅಧಿಕಾರಿ ಥರ್ಡ್ ಮೇಟ್‌ನ ದಣಿವು ಮತ್ತು ಅತಿಯಾದ ಕೆಲಸದ ಹೊರೆಯೂ ಇದ್ದವು, ಸಾಕಷ್ಟು ಸಿಬ್ಬಂದಿಯನ್ನು ಒದಗಿಸದ ಮಾಲೀಕ ಸಂಸ್ಥೆಯನ್ನೂ ಅದು ಹೊಣೆಯಾಗಿಸಿತ್ತು.

ಹಡಗಿನಲ್ಲಿ ಕನಿಷ್ಠ ಎಷ್ಟು ಜನರಿರಬೇಕೆಂದು ಗೊತ್ತುಮಾಡುವುದು ಅದು ಯಾವ ದೇಶದ ಧ್ವಜ ಹಾರಿಸುತ್ತದೋ ಆ ದೇಶ. ಧ್ವಜವನ್ನು ಆರಿಸಿಕೊಳ್ಳುವವನು ಮಾಲೀಕ. ಹೆಚ್ಚು ಜನ ಬೇಕೆನ್ನುವ ದೇಶದ ಧ್ವಜವನ್ನು ಬಿಟ್ಟು ಇನ್ನೊಂದಕ್ಕೆ ಹೋಗಲು ಅವನಿಗೆ ಅಡ್ಡಿಯಿಲ್ಲದಿರುವಾಗ ಆ ಸಂಖ್ಯೆ ಏರುವುದಾದರೂ ಹೇಗೆ? ಆದ್ದರಿಂದ ನನ್ನ ಭರವಸೆ ಬಂದರಿನ ತಪಾಸಣಾಧಿಕಾರಿಗಳ ಮೇಲೆಯೇ. ಅವರು ವಿಶ್ರಾಂತಿಯ ಹಾಳೆಯೊಂದನ್ನೇ ನೋಡಿ ಸಹಿ ಹಾಕದೆ, ಅದನ್ನು ಎಂಜಿನ್ ಲಾಗ್‌ಬುಕ್, ಅಲಾರಂ ದಾಖಲೆ ಮತ್ತು ಇಂಧನ ತುಂಬಿಸಿದ ಸಮಯದೊಂದಿಗೆ ಹೋಲಿಸಿ ನೋಡಲಿ. ಬೆಳಗಿನ ಜಾವ ಮೂರಕ್ಕೆ ಇಂಧನ ತುಂಬಿಸಿದ ರಸೀದಿಗೆ ಸಹಿ ಹಾಕಿದ ಎಂಜಿನಿಯರ್, ವಿಶ್ರಾಂತಿಯ ಹಾಳೆಯಲ್ಲಿ ಅದೇ ಹೊತ್ತಿಗೆ ಮಲಗಿದ್ದಾನೆಯೇ ಎಂದು ಕೇಳಲಿ.

ಇಂತಿ,
ನಿವೃತ್ತ ಹಡಗು ಎಂಜಿನಿಯರ್