ಮಳೆಗಾಲ ಬಿಟ್ಟು ಅಳೆದ ಹೊಳೆ

ಮಾನ್ಯರೇ,

ಬಹುರಾಷ್ಟ್ರೀಯ ಕಂಪನಿಗಳು ತಮ್ಮ ಪರಿಸರ ಕಾಳಜಿಗೆ ಸಾಕ್ಷಿಯೆಂದು ಐಎಸ್‌ಒ 14001 ಪ್ರಮಾಣಪತ್ರ ತೋರಿಸುವುದುಂಟು. ಅದು ಕಂಪನಿಯೊಳಗಿನ ನಿರ್ವಹಣಾ ಪದ್ಧತಿಗೆ ಸಿಗುವ ಕಾಗದ. ಹೊಳೆಗೆ ಎಷ್ಟು ಕೊಳೆನೀರು ಬಿಡಬಹುದೆಂಬ ಮಿತಿ ಅದರಲ್ಲಿಲ್ಲ. ಊರಿನವರ ಒಪ್ಪಿಗೆಯಂತೂ ಅಲ್ಲವೇ ಅಲ್ಲ.

ದೊಡ್ಡ ಯೋಜನೆಗಳಲ್ಲಿ ಊರಿನವರನ್ನು ಕೇಳುವ ಜಾಗ 2006ರ ಪರಿಸರ ಪರಿಣಾಮ ಅಧಿಸೂಚನೆಯ ಅಹವಾಲು ಸಭೆ. ಕನಿಷ್ಠ 30 ದಿನ ಮೊದಲು ಪ್ರಕಟಣೆ ಬರಬೇಕು, ಯೋಜನೆಯಿಂದ ಪರಿಸರಕ್ಕಾಗುವ ಪರಿಣಾಮದ ಕರಡು ವರದಿ ಜಿಲ್ಲಾಧಿಕಾರಿ ಕಚೇರಿಯಲ್ಲಿ ನೋಡಲು ಸಿಗಬೇಕು. ಕನ್ನಡದಲ್ಲಿರುವುದು ಸಾರಾಂಶ ಮಾತ್ರ. ಅದನ್ನೇ ನಂಬಿ ಕೂರಬೇಡಿ. ಮೂಲ ವರದಿ ತೆರೆದು, ನೀರಿನ ಮಾದರಿ ಯಾವ ತಿಂಗಳು ತೆಗೆದದ್ದೆಂದು ಮೊದಲು ನೋಡಿ. ಮಳೆಗಾಲ ಬಿಟ್ಟು ಒಂದು ಋತುವಿನ ಮಾಹಿತಿಯಲ್ಲೇ ಹಲವು ವರದಿಗಳು ಮುಗಿಯುತ್ತವೆ. ಕಾಳಿ ನದಿ ಕಡಲು ಸೇರುವ ಅಳಿವೆಯಲ್ಲಿ ಬೇಸಿಗೆಗೆ ಉಪ್ಪುನೀರು ಮೇಲೇರುತ್ತದೆ, ಆಷಾಢದಲ್ಲಿ ಕೆಂಪು ನೀರು ನುಗ್ಗುತ್ತದೆ. ಮಾರ್ಚಿನ ಅಳತೆ ಜುಲೈಗೆ ಎಲ್ಲಿ ಸಾಲುತ್ತದೆ?

ಈ ಆಕ್ಷೇಪವನ್ನು ಬರೆದೇ ಕೊಡಿ, ಸ್ವೀಕೃತಿ ಪಡೆಯಿರಿ. ಸಭೆಗೆ ಕನಿಷ್ಠ ಇಷ್ಟು ಜನ ಇರಲೇಬೇಕೆಂಬ ಕೋರಂ ನಿಯಮವಿಲ್ಲ, ನಾಲ್ಕೇ ಜನ ಬಂದರೂ ಸಭೆ ಸಭೆಯೇ. ಕೊನೆಗೆ ನಡಾವಳಿಯನ್ನು ಕನ್ನಡದಲ್ಲಿ ಓದಿ ಹೇಳಬೇಕು. ಊಟದ ಹೊತ್ತಾಯಿತೆಂದು ಅದಕ್ಕೆ ಮುಂಚೆ ಎದ್ದು ಬರಬೇಡಿ.

– ಓದುಗರು, ಕಾರವಾರ