ಶಾಂಪೇನ್ ಎಂಬ ಹೆಸರಿನ ಬಗ್ಗೆ ಸದಸ್ಯರಿಗೆ ಸೂಚನೆ

ಮಾನ್ಯ ಸದಸ್ಯರೇ,

ನೊರೆಯುಕ್ಕುವ ಎಲ್ಲ ವೈನನ್ನೂ ಗುಂಪಿನಲ್ಲಿ ಶಾಂಪೇನ್ ಎಂದೇ ಬರೆಯುತ್ತಿರುವುದರಿಂದ ಈ ವಿವರಣೆ ಅಗತ್ಯವೆನಿಸಿತು. ಈಶಾನ್ಯ ಫ್ರಾನ್ಸಿನ ಶಾಂಪೇನ್ ಪ್ರಾಂತ್ಯದಲ್ಲಿ ಬೆಳೆದ ದ್ರಾಕ್ಷಿಯಿಂದ, ಅಲ್ಲಿನ ನಿಯಮದಂತೆ ತಯಾರಾದ ವೈನಿಗೆ ಮಾತ್ರ ಆ ಹೆಸರು ಸಲ್ಲುತ್ತದೆ. ಸಿದ್ಧವಾದ ವೈನಿಗೆ ಸಕ್ಕರೆ ಮತ್ತು ಯೀಸ್ಟ್ ಬೆರೆಸಿ ಬಾಟಲಿಯ ಬಾಯಿ ಮುಚ್ಚಿದಾಗ, ಅದು ಒಳಗೇ ಮತ್ತೊಮ್ಮೆ ಹುದುಗಿ, ಹುಟ್ಟಿದ ಅನಿಲವು ಹೊರಹೋಗಲು ದಾರಿಯಿಲ್ಲದೆ ವೈನಿನಲ್ಲಿಯೇ ಕರಗುತ್ತದೆ. ಕನಿಷ್ಠ 15 ತಿಂಗಳು, ಒಂದೇ ವರ್ಷದ ಬೆಳೆಯದಾದರೆ 3 ವರ್ಷ, ಅದು ತಣ್ಣನೆಯ ನೆಲಮಾಳಿಗೆಯಲ್ಲಿ ಮಾಗಬೇಕು. ಯೀಸ್ಟಿನ ಗಸಿಯ ಮೇಲೆ ಮಲಗಿದ ಆ ಕಾಲವೇ ಅದಕ್ಕೆ ಆಗಷ್ಟೇ ಬೆಂದ ಬ್ರೆಡ್ಡಿನ ಪರಿಮಳವನ್ನು ಕೊಡುತ್ತದೆ. ನನ್ನ ಮಟ್ಟಿಗೆ ಗುಳ್ಳೆಗಳಿಗಿಂತ ಈ ಪರಿಮಳವೇ ದೊಡ್ಡದು.

ಸನ್ಯಾಸಿ ಡಾಮ್ ಪೆರಿನ್ಯೋನ್ ಶಾಂಪೇನನ್ನು ಕಂಡುಹಿಡಿದರೆಂಬ ಕಥೆಯನ್ನು ದಯವಿಟ್ಟು ಹಂಚಬೇಡಿ. ಅವರು ಓವಿಲೇರ್ ಮಠಕ್ಕೆ ಬಂದದ್ದು 1668ರಲ್ಲಿ; ಸಕ್ಕರೆ ಬೆರೆಸಿ ವೈನನ್ನು ನೊರೆಯುಕ್ಕಿಸುವ ಕ್ರಮವನ್ನು ಇಂಗ್ಲೆಂಡಿನ ಕ್ರಿಸ್ಟೊಫರ್ ಮೆರೆಟ್ 1662ರಲ್ಲಿಯೇ ದಾಖಲಿಸಿದ್ದರು. ಬೇರೆ ಬೇರೆ ತೋಟಗಳ ದ್ರಾಕ್ಷಿಯನ್ನು ಹದವಾಗಿ ಬೆರೆಸುವುದು ಪೆರಿನ್ಯೋನ್ ಅವರ ನಿಜವಾದ ಹೆಚ್ಚುಗಾರಿಕೆಯಾಗಿತ್ತು. ಶಾಂಪೇನ್ ಪ್ರಾಂತ್ಯದ ಬೆಟ್ಟದ ಇಳಿಜಾರು ಮತ್ತು ನೆಲಮಾಳಿಗೆಗಳು 2015ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ.

ಬಾಟಲಿ ತೆರೆಯುವಾಗ ಬಿರಟೆಯನ್ನು ಬಿಗಿಯಾಗಿ ಹಿಡಿದು, ಬಾಟಲಿಯನ್ನು ಮೆಲ್ಲನೆ ತಿರುಗಿಸಿ.