ಮಗಳಿಗೊಂದು ಪತ್ರ: ರೊಕ್ಕೊ ಬೆಟ್ಟದಿಂದ

ಕೋಬೆ, ಜಪಾನ್, ಜುಲೈ

ಪ್ರೀತಿಯ ಪುಟ್ಟಿ,

ನಾನು ಕ್ಷೇಮ. ಮೀನಖಂಡ ಮಾತ್ರ ಹಿಡಿದುಕೊಂಡಿದೆ. ನಿನ್ನೆ ರೊಕ್ಕೊ ಬೆಟ್ಟದ ಮೇಲೆ ಗಾಲ್ಫಿನ ಹದಿನೆಂಟೂ ಹೋಲ್, ಅಂದರೆ ಹದಿನೆಂಟು ಗುಂಡಿಗಳ ಪೂರ್ತಿ ಸುತ್ತು, ನಡೆದು ಆಡಿ ಬಂದೆ! ಕಚೇರಿಯ ಹಿರಿಯರೊಬ್ಬರು ಕೋಬೆ ಗಾಲ್ಫ್ ಕ್ಲಬ್‌ನ ಸದಸ್ಯರು. ಮೂರು ವರ್ಷಗಳಿಂದ ನಾನು ಆ ಜಾಗದ ಬಗ್ಗೆ ಕೇಳುತ್ತಲೇ ಇದ್ದುದನ್ನು ನೋಡಿ, ಕೊನೆಗೂ ಅತಿಥಿಯಾಗಿ ಕರೆದರು.

ಕೇಬಲ್ ಕಾರಿನಲ್ಲಿ ಹತ್ತು ನಿಮಿಷದ ಏರು. ಮೊದಲು ಈ ಅನುಕೂಲ ಇರಲಿಲ್ಲ. ಕೇಬಲ್ ಕಾರು ಬಂದದ್ದು 1932ರಲ್ಲಿ. ಅದಕ್ಕೂ ಮುಂಚೆ ಆಡುವವರು ತಪ್ಪಲಿನ ಹಳ್ಳಿಯಿಂದ ನಡೆದೋ, ಆಳುಗಳು ಹೊರುವ ಡೋಲಿಯಲ್ಲಿ ಕುಳಿತೋ ಮೇಲೆ ಬರುತ್ತಿದ್ದರು. ಬೆಟ್ಟದ ಮೇಲೆ ಮಂಜು ತುಂಬಿತ್ತು, ದಾರಿಯುದ್ದಕ್ಕೂ ನೀಲಿ ಹೈಡ್ರೇಂಜಿಯಾ ಅರಳಿತ್ತು.

ಚೆಂಡು ಹೊಡೆಯುವ ಕೋಲುಗಳನ್ನು, ಅಂದರೆ ಕ್ಲಬ್‌ಗಳನ್ನು, ಇಲ್ಲಿ ಹತ್ತಕ್ಕಿಂತ ಹೆಚ್ಚು ಒಯ್ಯುವಂತಿಲ್ಲ. ಆ ಏರಿನಲ್ಲಿ ಗಾಡಿ ಓಡುವುದಿಲ್ಲ, ಚೀಲವನ್ನು ಕ್ಯಾಡಿ ಹೆಗಲ ಮೇಲೆ ಹೊರಬೇಕು. ನನ್ನ ಹದಿನಾಲ್ಕರಲ್ಲಿ ನಾಲ್ಕನ್ನು ಬಿಡುವುದಕ್ಕೆ ಎಷ್ಟು ಹೊತ್ತು ಯೋಚಿಸಿದೆನೋ! ಚೆಂಡನ್ನು ಗುಂಡಿಗೆ ಮೆಲ್ಲಗೆ ಉರುಳಿಸಲು ನೀನು ಮೊದಲ ಸಂಬಳದಲ್ಲಿ ಕೊಡಿಸಿದ ಪಟರ್ ಅನ್ನು ಮಾತ್ರ ಎಲ್ಲಕ್ಕಿಂತ ಮೊದಲು ಎತ್ತಿಟ್ಟೆ.

ಮೈಸೂರಿನಲ್ಲಿ ನಾನು ಕಲಿತದ್ದು ರೇಸ್‌ಕೋರ್ಸಿನೊಳಗಿನ ಸಪಾಟು ನೆಲದಲ್ಲಿ. ಚಾಮುಂಡಿ ಬೆಟ್ಟ ಅಲ್ಲಿ ನೋಡುವುದಕ್ಕೆ ಇತ್ತು. ಇಲ್ಲಿ ಬೆಟ್ಟದ ಮೇಲೆಯೇ ಆಟ. ಒಂದು ಕಡೆ ಗುಂಡಿಯ ಗುರುತಿನ ಬಾವುಟ ಕಾಲಿನ ಕೆಳಗೆ, ಕಣಿವೆಯ ತಳದಲ್ಲಿ ಕಾಣಿಸಿತು. ಇನ್ನೊಂದು ಕಡೆ ಬಾವುಟದ ತುದಿಯಷ್ಟೇ ಕಂಡಿತು, ಗುಂಡಿಯ ಸುತ್ತಲಿನ ನುಣುಪು ನೆಲ, ಅಂದರೆ ಗ್ರೀನ್, ಎಲ್ಲಿದೆಯೆಂದು ಕ್ಯಾಡಿಯನ್ನೇ ಕೇಳಬೇಕಾಯಿತು. ಒಟ್ಟು ಪಾರ್, ಅಂದರೆ ನುರಿತವರಿಗೆ ಸಾಕಾಗುವ ಹೊಡೆತಗಳ ಲೆಕ್ಕ, 61; ಪಾರ್ ಐದರ ಹೋಲ್ ಒಂದೂ ಇಲ್ಲ. ಚಿಕ್ಕದು ಎಂದುಕೊಂಡು ಹೋದವರಿಗೆ ಮೊದಲ ಅರ್ಧ ಗಂಟೆಯಲ್ಲೇ ಸತ್ಯ ಗೊತ್ತಾಗುತ್ತದೆ. ಒಂದು ಏರಿನ ನಡುವೆ ನಿಂತು ಉಸಿರೆಳೆದುಕೊಳ್ಳುವಾಗ, ನಂದಿ ಸಿಗುವ ಮೊದಲೇ "ಅಮ್ಮಾ, ಎತ್ತಿಕೋ" ಎಂದು ಮೆಟ್ಟಿಲ ಮೇಲೆ ಕುಳಿತುಬಿಡುತ್ತಿದ್ದ ನಿನ್ನ ನೆನಪು ಬಂತು.

ಈ ಅಂಗಳವನ್ನು ಮಾಡಿಸಿದವನು ಆರ್ಥರ್ ಗ್ರೂಮ್, ಚಹಾ ವ್ಯಾಪಾರಕ್ಕೆ ಕೋಬೆಗೆ ಬಂದ ಇಂಗ್ಲಿಷಿನವನು. 1895ರಲ್ಲಿ ಬೆಟ್ಟದ ಮೇಲೆ ಮನೆ ಕಟ್ಟಿದ. 1901ರಲ್ಲಿ ಸ್ನೇಹಿತರ ಜೊತೆಗೂಡಿ ನಾಲ್ಕು ಹೋಲ್ ಸಿದ್ಧಮಾಡಿದ. ಜಪಾನಿನ ಗಾಲ್ಫ್ ಶುರುವಾದದ್ದು ಅಲ್ಲಿಂದ. 1903ರಲ್ಲಿ ಒಂಬತ್ತು ಹೋಲ್‌ಗಳೊಂದಿಗೆ ಕ್ಲಬ್ ಹುಟ್ಟಿತು, ಮರುವರ್ಷ ಹದಿನೆಂಟಾಯಿತು. ಆಗ ಗ್ರೀನ್‌ಗಳಲ್ಲಿ ಹುಲ್ಲಿರಲಿಲ್ಲ, ಮರಳಿತ್ತು. ನನ್ನನ್ನು ನಿಲ್ಲಿಸಿದ ಸಂಗತಿ ಬೇರೆಯೇ ಇದೆ. ಆ ಕಾಲಕ್ಕೆ ರೊಕ್ಕೊ ಮರ ಕಡಿದು ಬೋಳಾದ ಬೆಟ್ಟ. ಮತ್ತೆ ಗಿಡ ನೆಡುವ ಕೆಲಸ ಮೊದಲಾದದ್ದು 1902ರಲ್ಲಿ. ಅಂದರೆ ಇಡೀ ಬೆಟ್ಟವನ್ನು ಹೊದ್ದಿರುವ ಈ ಕಾಡಿಗಿಂತ ಆ ನಾಲ್ಕು ಹೋಲ್‌ಗಳೇ ಒಂದು ವರ್ಷ ಹಿರಿಯವು!

ಸಾಸಾ ಎನ್ನುವ ಗಿಡ್ಡ ಬಿದಿರು ಇಲ್ಲಿ ಮೊಣಕಾಲೆತ್ತರಕ್ಕೆ ದಟ್ಟವಾಗಿ ಬೆಳೆಯುತ್ತದೆ. ನನ್ನ ಮೂರು ಚೆಂಡುಗಳನ್ನು ಅದು ನುಂಗಿತು. ಒಂದನ್ನು ಹುಡುಕಲು ಬಗ್ಗಿ ಕೈಯಿಟ್ಟೆ. ಎಲೆಯ ಅಂಚು ಕಬ್ಬಿನ ಗರಿಯಂತೆ ಒರಟು, ಕೆಳಗೆ ಬೇರೂ ಕಲ್ಲೂ ಹೆಣೆದುಕೊಂಡು ಬೆರಳಿಗೆ ಮಣ್ಣೇ ಸಿಗಲಿಲ್ಲ. ಯಂತ್ರಗಳಿಲ್ಲದ ಕಾಲದಲ್ಲಿ ಇದನ್ನೆಲ್ಲ ಕಿತ್ತು ನೆಲ ಹಸನು ಮಾಡಿದ ಕೈಗಳು ಎಂಥವು! ನಾನು ಹೊಡೆದಾಗ ಕಿತ್ತುಹೋದ ಹುಲ್ಲಿನ ಹೆಂಟೆಯನ್ನು ಕ್ಯಾಡಿ ಅಮ್ಮ ತಂದು, ಕುಳಿಗೆ ಕೂರಿಸಿ, ಸೊಂಟದ ಚೀಲದಿಂದ ಮರಳು ಸುರಿದು, ಕಾಲಿನಿಂದ ಮೆಲ್ಲಗೆ ಒತ್ತಿದರು. ಪ್ರತಿ ಸಲವೂ ಹಾಗೆಯೇ, ಒಮ್ಮೆಯೂ ಅವಸರವಿಲ್ಲ. ಆಮೇಲೆ ಆ ಚೀಲವನ್ನು ನಾನೇ ಕೇಳಿ ತೆಗೆದುಕೊಂಡೆ.

ಕ್ಲಬ್ಬಿನ ಮನೆ 1932ರದು, ಅಮೆರಿಕದಿಂದ ಬಂದು ಜಪಾನಿನಲ್ಲೇ ನೆಲೆಸಿದ ವಿಲಿಯಂ ವೋರಿಸ್ ಅದರ ವಾಸ್ತುಶಿಲ್ಪಿ. ದೊಡ್ಡದಲ್ಲ, ಬೆಟ್ಟಕ್ಕೆ ಒಪ್ಪುವ ಮನೆ. ಅಲ್ಲಿ ಕುಳಿತು ಬಿಸಿ ಚಹಾ ಕುಡಿಯುವಾಗ ನೀನು ಎದುರಿಗೆ ಇರಬೇಕಿತ್ತು ಅನ್ನಿಸಿತು.

ಚಳಿಗಾಲದಲ್ಲಿ ಹಿಮ ಬಿದ್ದು ಇಲ್ಲಿ ಆಟ ನಿಲ್ಲುತ್ತದೆ. ಹಿಮದ ಕಾಟ ತಪ್ಪಿಸಿಕೊಳ್ಳಲೆಂದೇ 1904ರಲ್ಲಿ ಕೆಳಗೆ ಕಡಲ ಹತ್ತಿರ ಯೊಕೊಯಾದಲ್ಲಿ ಜಪಾನಿನ ಎರಡನೆಯ ಗಾಲ್ಫ್ ಅಂಗಳ ಮಾಡಿದರಂತೆ. ಆದ್ದರಿಂದ ದಸರಾ ರಜೆಯಲ್ಲಿ ಬಾ. ಹಿರಿಯರ ಹತ್ತಿರ ಮಾತಾಡಿಟ್ಟಿದ್ದೇನೆ. ಹಿಡಿತ ಚೆನ್ನಾಗಿರುವ ಬೂಟು ತಾ, ಹೊಸದು ಬೇಡ, ಕಚ್ಚುತ್ತದೆ.

ಸ್ಕೋರ್ ಕಾರ್ಡನ್ನು ಇದರೊಂದಿಗೆ ಇಟ್ಟಿದ್ದೇನೆ. ಒಟ್ಟು 94. ಎರಡು ಎಂದು ಬರೆದಿರುವ ಮನೆ ಒಂದೇ ಒಂದಿದೆ, ಸುತ್ತು ಹಾಕಿದ್ದೇನೆ. ಅದು ನಿನ್ನ ಪಟರಿನದು, ಹನ್ನೆರಡು ಹೆಜ್ಜೆ ದೂರದಿಂದ.

ನಿನ್ನ
ಅಮ್ಮ